ಊಟದ ನಂತರದ ಹತ್ತು ನಿಮಿಷ: ನಡಿಗೆ ಶುರು ಮಾಡುವ ಬಗೆ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ಹಿಂದೆ ಬಸ್ಸು ಹಿಡಿಯಬೇಕಾದರೆ ಗುಡ್ಡೆ ಹತ್ತಿ ಇಳಿಯಲೇಬೇಕಿತ್ತು. ಈಗ ಅಂಗಳದವರೆಗೆ ರಸ್ತೆ ಬಂದಿದೆ, ತೋಟದ ಬದಿಗೂ ಸ್ಕೂಟರ್ ಹೋಗುತ್ತದೆ. ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಈ ಲೇಖನದ ಅಗತ್ಯವಿಲ್ಲ. ಅಂಗಡಿ, ಕಚೇರಿ, ಬ್ಯಾಂಕುಗಳಲ್ಲಿ ಕುಳಿತೇ ಇರುವವರು ಮಾತ್ರ ಕಾಲಿಗೆ ಕೆಲಸವನ್ನು ಹುಡುಕಿ ಕೊಡಬೇಕಾಗಿದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಒಂದೇ ಸಲಕ್ಕೆ ಮುಗಿಸಬೇಕೆಂದಿಲ್ಲ, ಹತ್ತು ಹತ್ತು ನಿಮಿಷ ಕೂಡಿಸಿದರೂ ಸಾಕು.

ಊಟದ ನಂತರದ ಹೊತ್ತಿನಿಂದಲೇ ಆರಂಭಿಸಿ. ಅನ್ನ ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆಗ ನಡೆದರೆ ತೊಡೆ, ಮೀನಖಂಡಗಳ ಸ್ನಾಯುಗಳು ಆ ಸಕ್ಕರೆಯನ್ನು ತಾವೇ ಎಳೆದುಕೊಂಡು ಉರಿಸುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರ ದೇಹದಲ್ಲೂ ಈ ದಾರಿ ತೆರೆದಿರುತ್ತದೆ. ಮಧುಮೇಹ ಮನೆಮನೆಗೂ ಬಂದಿರುವ ನಮ್ಮ ಕಡೆಗೆ ಇದಕ್ಕಿಂತ ಸುಲಭದ, ಖರ್ಚಿಲ್ಲದ ಉಪಾಯ ನನಗೆ ಕಾಣುವುದಿಲ್ಲ. ರಾತ್ರಿ ಉಂಡ ಕೂಡಲೇ ಟಿ.ವಿ. ಮುಂದೆ ಕೂರುವ ಬದಲು ಅಂಗಳದಲ್ಲೇ ನಿಧಾನವಾಗಿ ಹತ್ತು ನಿಮಿಷ ಓಡಾಡಿ.

ಒಂದೆರಡು ವಾರದಲ್ಲಿ ಅದು ರೂಢಿಯಾದ ಮೇಲೆ ಬೆಳಗ್ಗೆ ಬಿರುಸಿನ ನಡಿಗೆಯನ್ನು ಸೇರಿಸಿ. ಬಿರುಸು ಎಷ್ಟಿರಬೇಕು? ಜೊತೆಯವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮ ಏರುದಾರಿಗಳಲ್ಲಿ ವೇಗ ಹೆಚ್ಚಿಸದೆಯೇ ಉಸಿರು ಈ ಮಟ್ಟಕ್ಕೆ ಬರುತ್ತದೆ. ಇಳಿಯುವಾಗಲೇ ಎಚ್ಚರ ಬೇಕು: ಮಂಡಿಗೆ ಹೆಚ್ಚು ಭಾರ ಬೀಳುವುದು ಆಗಲೇ. ಮಂಡಿಯನ್ನು ತುಸು ಮಡಿಸಿ ಸಣ್ಣ ಹೆಜ್ಜೆ ಇಡಿ. ಮುರಕಲ್ಲಿನ ಹರಳು ಕಾಲಡಿಯಲ್ಲಿ ಉರುಳುತ್ತದೆ, ಹಾಗಾಗಿ ಅಡಿ ಸವೆದ ಚಪ್ಪಲಿ ಬೇಡ. ಪಾದಚಾರಿ ದಾರಿಯಿಲ್ಲದ ರಸ್ತೆಯಲ್ಲಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ.

ಮಾರ್ಚ್‌ನಿಂದ ಮೇವರೆಗೆ ಕರಾವಳಿಯ ತೇವಗಾಳಿಗೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬಿಸಿಲೇರುವ ಮೊದಲೇ ಮುಗಿಸಿ, ನೀರು ಕುಡಿಯಿರಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ಸೋಗೆ ಹಾಸಿದ್ದರೂ ವಯಸ್ಸಾದವರು ಚಾವಡಿಯಲ್ಲೇ ನಡೆಯುವುದು ಲೇಸು. ಜಾರಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಮಲಗಬೇಕಾದೀತು. ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವೂ ಬೇಕು. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತು ಅದನ್ನು ಶುರು ಮಾಡಬಹುದು.

ಮಧುಮೇಹವಿದ್ದವರು ಬರಿಗಾಲಲ್ಲಿ ನಡೆಯಬಾರದು. ಮರಗಟ್ಟಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಆದ್ದರಿಂದ ದಿನವೂ ಅಂಗಾಲನ್ನು ನೋಡಿಕೊಳ್ಳಿ. ನಡೆಯುವಾಗ ರಕ್ತದ ಸಕ್ಕರೆ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಇನ್ಸುಲಿನ್ ತೆಗೆದುಕೊಳ್ಳುವವರ ಕಿಸೆಯಲ್ಲಿ ಕಲ್ಲುಸಕ್ಕರೆ ಇರಲಿ. ನಡೆಯುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಡಿದರೆ ಅಲ್ಲೇ ಕುಳಿತು ಸಹಾಯಕ್ಕೆ ಕರೆಯಿರಿ. ಗ್ಯಾಸ್ ಎಂದು ಓಮದ ನೀರು ಕುಡಿದು ಮಲಗದೆ ತಕ್ಷಣ ಆಸ್ಪತ್ರೆಗೆ ಹೋಗಿ.