ಅರೆಸ್ಟ್ ಮಾಡಾಕ ಪೊಲೀಸ್ನೋರು ಮನಿಗೆ ಬಂದ್ರ ಏನ್ ಮಾಡ್ಬೇಕು?

ಜೇವರ್ಗಿ ಇರಲಿ, ಆಳಂದ ಇರಲಿ, ರಾತ್ರಿ ಪೊಲೀಸ್ನೋರು ಬಾಗಲಾ ಬಡಿದ್ರ ಮನಿಯೋರ ಕೈಕಾಲು ತಣ್ಣಗ ಆಗ್ತಾವ. ಹೆದರಬ್ಯಾಡ್ರಿ, ಆದ್ರ ಬಾಗಲಾ ಹಾಕ್ಕೊಂಡು ಜಗಳಕ್ಕೂ ನಿಲ್ಲಬ್ಯಾಡ್ರಿ, ಅಡ್ಡ ಬಂದ್ರ ನಿಮ್ಮ ಮ್ಯಾಲೇ ಇನ್ನೊಂದು ಕೇಸ್ ಬೀಳ್ತದ.

ಮೊದಲು ಕಿಟಕಿಯಿಂದಾನ ಕೇಳ್ರಿ, ನೀವು ಯಾವ ಠಾಣಾದವ್ರು, ಹೆಸರೇನು, ಯಾರನ್ನ ಹುಡುಕ್ಲತ್ತೀರಿ, ಯಾವ ಕೇಸು ಅಂತ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 44ನೇ ಕಲಂ ಪ್ರಕಾರ ಆ ಮನುಷ್ಯ ಒಳಗ ಇದಾನ ಅಂತ ನಂಬಾಕ ಪೊಲೀಸ್ನೋರಿಗೆ ಕಾರಣ ಇದ್ರ ನೀವು ಒಳಗ ಬಿಡಬೇಕು, ಆದ್ರ ಅವ್ರು ತಾವ್ಯಾರು, ಯಾಕ ಬಂದೀವಿ ಅಂತ ಹೇಳಿ, ಬಾಗಲಾ ತೆಗೀರಿ ಅಂತ ಕೇಳಿ, ಆಮ್ಯಾಲೂ ತೆಗೀಲಿಲ್ಲಂದ್ರ ಮಾತ್ರ ಮುರೀಬಹುದು. ಬಂದ ಕೂಡ್ಲೇ ಒದ್ದು ಒಳಗ ನುಗ್ಗೋದು ಸಾಮಾನ್ಯವಾಗಿ ಕಾನೂನ್ದಾಗ ಇಲ್ಲ.

ವಾರಂಟ್ ಇದ್ರ ತೋರಸ್ರಿ ಅನ್ರಿ, ತೋರಸಬೇಕು. ಕೊಲೆ, ದರೋಡೆಯಂಥ ಕೇಸಿಗೆ ವಾರಂಟ್ ಇಲ್ದೇನೂ ಹಿಡೀತಾರ, ಅದು ಬ್ಯಾರೆ ಮಾತು. ಏಳು ವರ್ಷದೊಳಗಿನ ಶಿಕ್ಷೆ ಇರೋ ಕೇಸಾದ್ರ ಎಷ್ಟೋ ಸಲ ಅರೆಸ್ಟ್ ಬೇಕಾಗೇ ಇರಂಗಿಲ್ಲ, ಅದೇ ಕಾನೂನಿನ 35ನೇ ಕಲಂದ ನೋಟಿಸ್ ಕೊಟ್ಟು ಠಾಣಾಕ್ಕ ಕರಸ್ತಾರ, ನೋಟಿಸ್ ಬಂದ್ರ ತಪ್ಪದೆ ಹೋಗ್ರಿ.

ಹೆಣ್ಮಕ್ಕಳನ್ನ ಹೊತ್ತು ಮುಳುಗಿದ ಮ್ಯಾಲೆ, ಹೊತ್ತು ಹುಟ್ಟೋಕಿಂತ ಮುಂಚೆ ಅರೆಸ್ಟ್ ಮಾಡಂಗಿಲ್ರಿ. ತೀರಾ ವಿಶೇಷ ಕಾರಣ ಇದ್ರ ಮಹಿಳಾ ಪೊಲೀಸ್ ಅಧಿಕಾರಿ ಬರಹದಾಗ ರಿಪೋರ್ಟ್ ಕೊಟ್ಟು ಮ್ಯಾಜಿಸ್ಟ್ರೇಟರ ಪರ್ಮಿಷನ್ ಮೊದಲೇ ತರಬೇಕು. ಇದನ್ನ ಅವ್ವ, ಅಕ್ಕ, ಸೊಸಿ ಎಲ್ಲಾರಿಗೂ ಹೇಳಿಡ್ರಿ.

ಆಳನ್ನ ಹುಡುಕೋದು ಬ್ಯಾರೆ, ಟ್ರಂಕು ಅಲ್ಮಾರಿ ತೆಗೆದು ಸಾಮಾನು ಒಯ್ಯೋದು ಬ್ಯಾರೆ. ಮನಿ ಸರ್ಚ್ ಮಾಡಿ ಸಾಮಾನು ಜಪ್ತಿ ಮಾಡಿದ್ರ ವಿಡಿಯೊ ಆಗಬೇಕು, ಒಯ್ದ ಸಾಮಾನಿನ ಪಟ್ಟಿ ಆಗಬೇಕು, ಕಾಪಿ ಕೇಳಿ ಇಸ್ಕೋರಿ.

ಈಗ ಎಲ್ಲಾದಕಿಂತ ಮುಖ್ಯದ್ದು, ಅರೆಸ್ಟ್ ಮೆಮೊ, ಅಂದ್ರ ಅರೆಸ್ಟ್ ಮಾಡುವಾಗ ಪೊಲೀಸ್ನೋರು ಬರೆಯೋ ಹಾಳಿ. ಮನಿಯೋರಾಗ ಒಬ್ರು ಇಲ್ಲಾ ಓಣಿಯಾಗಿನ ಒಬ್ಬ ಗಣ್ಯರು ಸಾಕ್ಷಿ ಸಹಿ ಹಾಕ್ಬೇಕು, ಅರೆಸ್ಟ್ ಆದವನ ಸಹಿನೂ ಬೇಕು. ಸಹಿಗೆ ಮುಂಚೆ ಟೈಮ್ ಬರೆದಲ್ಲಿ ಕಣ್ಣು ಹಾಯಿಸ್ರಿ. ರಾತ್ರಿ 10ಕ್ಕ ಕರ್ಕೊಂಡು ಹೋಗಿ ಮುಂಜಾನೆ 6 ಅಂತ ಬರೆದ್ರ ಎಂಟು ತಾಸು ಹಾಳೆದಾಗ ಮಾಯ ಆದಂಗ, ಯಾಕಂದ್ರ ಹಿಡಿದ ಹೊತ್ತಿನಿಂದ 24 ತಾಸಿನೊಳಗ (ದಾರಿ ಟೈಮ್ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಖಾಲಿ ಹಾಳಿಗಂತೂ ಯಾರೂ ಸಹಿ ಮಾಡಬ್ಯಾಡ್ರಿ. ಯಾಕ ಹಿಡಿದೀವಿ ಅನ್ನೋ ಕಾರಣಾನೂ ಬರಹದಾಗ ಕೇಳ್ರಿ.

ವಕೀಲರಿಗೆ ರೊಕ್ಕ ಇಲ್ಲಂದ್ರ ಪುಕ್ಕಟೆ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡ್ರಿ, ಇಲ್ಲಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಕಸ್ಟಡಿಯಾಗ ಇರೋರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನ ಕೊಡ್ತಾರ. 24 ತಾಸು ದಾಟಿದ್ರೂ ಮನುಷ್ಯ ಎಲ್ಲಿದಾನ ಅಂತ ಹೇಳ್ಲಿಲ್ಲಂದ್ರ ಬೆಂಗಳೂರಿಗೆ ಓಡೋದು ಬ್ಯಾಡ, ಹೈಕೋರ್ಟಿನ ಕಲಬುರಗಿ ಪೀಠದಾಗೇ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟ ಮನುಷ್ಯನನ್ನ ಕೋರ್ಟಿನ ಮುಂದ ತರ್ರಿ ಅಂತ ಕೇಳೋ) ಅರ್ಜಿ ಹಾಕಾಕ ಬರ್ತದ.