ಇಸಬಿನ ಮಗುವಿಗೆ ಯಾವ ಸೋಪು? ನಾನು ಆರಿಸುವ ಕ್ರಮ

ಮೆಡಿಕಲ್ ಅಂಗಡಿಯಲ್ಲಿ ಮಕ್ಕಳ ಸೋಪು ಕೈಗೆತ್ತಿಕೊಂಡರೆ ನಾನು ಮೊದಲು ಅದನ್ನು ತಿರುಗಿಸಿ ಹಿಂಬದಿ ಓದುತ್ತೇನೆ. ಮುಂಬದಿಯ ‘ಮೈಲ್ಡ್’, ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’ ಎಂಬ ಮಾತುಗಳಿಗೆ ಗಟ್ಟಿಯಾದ ಅಳತೆಗೋಲು ಇಲ್ಲ. ‘ಟಿಯರ್ ಫ್ರೀ’ ಅಂದರೆ ಕಣ್ಣು ಉರಿಯುವುದಿಲ್ಲ ಅಂತ ಅಷ್ಟೇ, ಚರ್ಮಕ್ಕೆ ಒಗ್ಗುತ್ತದೆ ಅಂತಲ್ಲ. ಹಿಂಬದಿಯ ಘಟಕಗಳ ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು ಬರುತ್ತದೆ. ಇಸಬು (ಎಕ್ಜಿಮಾ) ಇರುವ, ಅಂದರೆ ಬೇಗ ಒಣಗುವ, ಕೆಂಪಾಗಿ ತುರಿಸುವ ಮೈಯ ಮಗುವಿಗೆ ಆ ಪಟ್ಟಿಯಲ್ಲಿ ಮೂರು ಸಂಗತಿ ನೋಡುತ್ತೇನೆ: ಇದು ನಿಜವಾದ ಸೋಪೇ, ಪರಿಮಳ ಇದೆಯೇ, ಕೆಡದಂತೆ ಏನು ಹಾಕಿದ್ದಾರೆ.

ಪಟ್ಟಿಯ ಆರಂಭದಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನೆಲೇಟ್, ಸೋಡಿಯಂ ಕೋಕೋಯೇಟ್ ಇದ್ದರೆ ಅದು ಎಣ್ಣೆಗೆ ಕ್ಷಾರ ಬೆರೆಸಿ ಮಾಡಿದ ಸೋಪು. ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 9ರಿಂದ 10. ಚರ್ಮದ ಮೇಲ್ಮೈ ಸುಮಾರು 4.5ರಿಂದ 5.5, ಅಂದರೆ ತುಸು ಹುಳಿ. ಕ್ಷಾರ ಹೆಚ್ಚಾದಾಗ ಚರ್ಮದ ಹೊರಪದರದ ಕೋಶಗಳನ್ನು ಬಿಡಿಸುವ ಕಿಣ್ವಗಳು ಚುರುಕಾಗುತ್ತವೆ, ನೀರು ಆರದಂತೆ ತಡೆಯುವ ಜಿಡ್ಡನ್ನು ತಯಾರಿಸುವ ಕೆಲಸ ನಿಧಾನವಾಗುತ್ತದೆ. ಗಟ್ಟಿ ಚರ್ಮದವರಿಗೆ ಕೆಲವು ಗಂಟೆಗಳಲ್ಲಿ ಎಲ್ಲ ಸರಿಹೋಗುತ್ತದೆ. ಇಸಬು ಇರುವ ಮಗುವಿಗೆ ಅದು ಸರಿಹೋಗುವ ಮೊದಲೇ ಮುಂದಿನ ಸ್ನಾನ ಬಂದಿರುತ್ತದೆ.

ಇಲ್ಲಿ ಸೋಪಿನ ಹೊದಿಕೆಯ ಮೇಲಿನ ಟಿಎಫ್‌ಎಂ (ಒಟ್ಟು ಕೊಬ್ಬಿನಂಶ) ಲೆಕ್ಕ ದಾರಿ ತಪ್ಪಿಸುತ್ತದೆ. ಭಾರತೀಯ ಮಾನಕದಲ್ಲಿ ಗ್ರೇಡ್ 1 ಸೋಪಿಗೆ ಕನಿಷ್ಠ ಶೇ. 76 ಟಿಎಫ್‌ಎಂ ಬೇಕು. ಅದು ಸೋಪಿನಲ್ಲಿ ಕೊಬ್ಬಿನ ಆಮ್ಲ ಎಷ್ಟಿದೆ ಎಂಬುದರ ಅಳತೆ. ಶೇ. 80 ಇದ್ದರೂ ಕ್ಷಾರ ಕ್ಷಾರವೇ. ಪಾರದರ್ಶಕ ಗ್ಲಿಸರಿನ್ ಸೋಪೂ ಬಹುತೇಕ ಹಾಗೆಯೇ.

ನಾನು ಆರಿಸುವುದು ಸಿಂಡೆಟ್ ಬಾರ್, ಅಂದರೆ ಸೋಪಿನಂತೆ ತೊಳೆಯುವ, ಆದರೆ ಎಣ್ಣೆಗೆ ಕ್ಷಾರ ಬೆರೆಸಿ ಮಾಡದ, ಸೋಪಲ್ಲದ ಸೋಪು. ಪಟ್ಟಿಯ ಮೊದಲಲ್ಲಿ ಸೋಡಿಯಂ ಕೋಕೋಯಿಲ್ ಐಸೆಥಿಯೊನೇಟ್ ಇರುತ್ತದೆ. ದ್ರವ ರೂಪದ್ದಾದರೆ ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಒಳ್ಳೆಯವು. ಚರ್ಮ ಕೆರಳಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಪಟ್ಟಿಯ ಮೇಲ್ಭಾಗದಲ್ಲಿ ಕಂಡರೆ ಡಬ್ಬಿ ಅಲ್ಲೇ ಬಿಡುತ್ತೇನೆ. ಸಂಶಯವಿದ್ದರೆ ಮನೆಯಲ್ಲೇ ನೋಡಬಹುದು. ಪಿಎಚ್ ಅಳೆಯುವ ಕಾಗದದ ಪಟ್ಟಿ ತನ್ನಿ, ಬ್ಯಾಟರಿ ಅಂಗಡಿಯಿಂದ ಒಂದು ಬಾಟಲಿ ಡಿಸ್ಟಿಲ್ಡ್ ನೀರು ತನ್ನಿ. ಬಾರಿನ ಮೇಲೆ ನಾಲ್ಕು ಹನಿ ಹಾಕಿ ಬೆರಳಿಂದ ತಿಕ್ಕಿ ನೊರೆ ಬರಿಸಿ, ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ ಬಣ್ಣ ಹೋಲಿಸಿ. ಕಡು ಹಸಿರು ಅಥವಾ ನೀಲಿಗೆ ತಿರುಗಿದರೆ ಕ್ಷಾರ. ಹಳದಿಯ ಕಡೆ ನಿಂತರೆ 5-6ರ ಆಸುಪಾಸು. ನಲ್ಲಿ ನೀರು ಬೇಡ, ಅದರದೇ ಪಿಎಚ್ ಬೆರೆತು ಲೆಕ್ಕ ಕೆಡುತ್ತದೆ.

ಎರಡನೆಯದು ಪರಿಮಳ. ‘ಫ್ರೇಗ್ರನ್ಸ್’, ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳಿರುತ್ತವೆ. ಲ್ಯಾವೆಂಡರ್, ಕಿತ್ತಳೆ, ಟೀ ಟ್ರೀ ಎಣ್ಣೆ ‘ನ್ಯಾಚುರಲ್’ ಆದರೂ ಅವುಗಳಲ್ಲಿರುವ ಲಿನಲೂಲ್, ಲಿಮೊನೀನ್ ಎಂಬ ಸುವಾಸನೆಯ ಅಂಶಗಳು ಗಾಳಿ ತಾಗಿ ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ‘ಅನ್‌ಸೆಂಟೆಡ್’ ಸಾಲದು, ವಾಸನೆ ಮುಚ್ಚಲು ಬೇರೆ ಪರಿಮಳ ಹಾಕಿರಬಹುದು. ‘ಫ್ರೇಗ್ರನ್ಸ್ ಫ್ರೀ’ ಇರಬೇಕು, ಪಟ್ಟಿಯೂ ಅದನ್ನೇ ಹೇಳಬೇಕು. ಊರಿನ ಅಭಿಮಾನದಿಂದ ಚೀಲದಲ್ಲಿ ತರುವ ಶ್ರೀಗಂಧದ ಸೋಪು ದೊಡ್ಡವರಿಗಿರಲಿ.

ಮೂರನೆಯದು ಪ್ರಿಸರ್ವೇಟಿವ್. ಪ್ಯಾರಾಬೆನ್ ಎಂಬ ಪ್ರಿಸರ್ವೇಟಿವ್‌ಗೆ ಹೆದರಿ ಅದನ್ನು ತೆಗೆದ ಎಷ್ಟೋ ಉತ್ಪನ್ನಗಳಿಗೆ ಬದಲಿಗೆ ಮೀಥೈಲ್‌ಐಸೋಥಯಾಜೊಲಿನೋನ್ ಬಂತು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನೇ ವರ್ಷದ ಅಲರ್ಜನ್ (ಅಲರ್ಜಿ ತರುವ ವಸ್ತು) ಎಂದು ಹೆಸರಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ಅಲರ್ಜನ್ ಅಲ್ಲದ್ದು’ ಎಂದು ಆರಿಸಿತು. ಹಾಗಾಗಿ ‘ಪ್ಯಾರಾಬೆನ್ ಫ್ರೀ’ ಎಂದು ಕಂಡರೆ ಬದಲಿಗೆ ಏನು ಹಾಕಿದ್ದಾರೆ ಎಂದು ಹುಡುಕುತ್ತೇನೆ. ಬಾದಾಮಿ, ಮೇಕೆ ಹಾಲು, ಗೋಧಿ ಪ್ರೋಟೀನು ಸೇರಿದ್ದನ್ನೂ ಬಿರುಕು ಬಿಟ್ಟ ಚರ್ಮಕ್ಕೆ ಮುಟ್ಟಿಸುವುದಿಲ್ಲ. ಜಪಾನಿನಲ್ಲಿ ಗೋಧಿ ಪ್ರೋಟೀನು ಬೆರೆತ ಒಂದು ಮುಖದ ಸೋಪಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿನ್ನುವುದೇ ಅಲರ್ಜಿಯಾಯಿತು.

ಇನ್ನು ಮುಂಬೈ, ಪುಣೆಯಲ್ಲಿರುವ ನಮ್ಮವರ ಮನೆಯ ನೀರು. ಮುಂಬೈಗೆ ಬರುವುದು ಭಾತ್ಸಾ, ತಾನ್ಸಾ, ವೈತರಣಾದ ನೀರು, ಪುಣೆಗೆ ಖಡಕ್‌ವಾಸ್ಲಾದ್ದು. ಎರಡೂ ಮಳೆಗಾಲದಲ್ಲಿ ತುಂಬುವ ಜಲಾಶಯದ ಮೆದು ನೀರು. ಪುಣೆಯ ಅಂಚಿನ ವಾಘೋಲಿ, ಹಿಂಜವಡಿ ಕಡೆಯ ವಸತಿ ಸೊಸೈಟಿಗಳಲ್ಲಿ ಟ್ಯಾಂಕರ್ ಮತ್ತು ಬೋರಿನ ನೀರು ಬರುತ್ತದೆ, ಅದು ಗಡಸು. ಹೀಗೆ ಪರೀಕ್ಷಿಸಿ: ಅರ್ಧ ಬಾಟಲಿ ನೀರಿಗೆ ಮಾಮೂಲಿ ಸೋಪಿನ ಸಣ್ಣ ಚೂರು ಹಾಕಿ ಜೋರಾಗಿ ಕುಲುಕಿ. ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ಮೆದು, ನೊರೆ ಇಲ್ಲದೆ ಹಾಲಿನಂತೆ ಕದಡಿದರೆ ಗಡಸು. ಆ ಬಿಳಿ ಜಿಗುಟೇ ಮಗುವಿನ ಮೈಮೇಲೂ ಉಳಿಯುವುದು. ಸಿಂಡೆಟ್‌ನಲ್ಲಿ ಇದು ಆಗುವುದಿಲ್ಲ. ಟ್ಯಾಂಕರ್ ನೀರಾದರೆ ಕೊನೆಗೆ ಎರಡು ತಂಬಿಗೆ ಕಾರ್ಪೊರೇಷನ್ ನೀರು ಎರೆಯುತ್ತೇನೆ. ಇಸಬಿಗೆಂದೇ ನೀರನ್ನು ಮೆದು ಮಾಡುವ ದುಬಾರಿ ಸಾಫ್ಟನರ್ ಕೂರಿಸಬೇಕಿಲ್ಲ, ಬ್ರಿಟನ್ನಿನಲ್ಲಿ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸ್ನಾನದ ನೀರಿಗೆ ಸುರಿಯುವ ಎಣ್ಣೆಯದೂ ಅದೇ ಕಥೆ, 2018ರ ಪರೀಕ್ಷೆ ಹೇಳುವಂತೆ. ಆ ದುಡ್ಡು ಮೈಗೆ ಹಚ್ಚುವ ತೇವದ ಕ್ರೀಮಿಗೆ (ಮಾಯಿಶ್ಚರೈಸರ್) ಹೋಗಲಿ. ಡೆಟಾಲ್ ಥರದ್ದನ್ನಂತೂ ಬಕೆಟ್ಟಿಗೆ ಹಾಕಲೇಬೇಡಿ.

ಒಳ್ಳೆಯ ಬಾರ್ ತಂದರೂ ಎರೆಯುವ ರೀತಿ ತಪ್ಪಿದರೆ ಪ್ರಯೋಜನವಿಲ್ಲ. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು, ಸುಮಾರು 37 ಡಿಗ್ರಿ. ಒಟ್ಟು 5ರಿಂದ 10 ನಿಮಿಷ. ಮೊದಲು ಬರೀ ನೀರು, ಸೋಪು ಕೊನೆಯ ಎರಡು ನಿಮಿಷಕ್ಕೆ. ಅದೂ ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಕೈ, ಪಾದಕ್ಕೆ ಮಾತ್ರ. ಹೊಟ್ಟೆ, ಬೆನ್ನು, ತೋಳಿಗೆ ನೀರೇ ಸಾಕು. ದ್ರವವಾದರೆ ವರ್ಷದ ಕೂಸಿಗೆ ಅರ್ಧ ಟೀ ಚಮಚ. ಸ್ಪಂಜು, ಜಾಲರಿ ಬೇಡ, ಅಂಗೈಯಿಂದಲೇ ಸವರಿ. ತಲೆ ಹಿಂದಕ್ಕೆ ಬಾಗಿಸಿ ಶಾಂಪೂ ತೊಳೆದರೆ ನೊರೆ ಮೈಮೇಲೆ ಇಳಿಯುವುದಿಲ್ಲ. ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವವಿದ್ದಾಗಲೇ ಕ್ರೀಮು ಹಚ್ಚಿ. ಇಸಬು ಇರುವ ಮಗುವಿಗೆ ಬ್ರಿಟನ್ನಿನ ಮಾರ್ಗಸೂಚಿ ಹೇಳುವುದು ಈ ಮಾಯಿಶ್ಚರೈಸರ್ ವಾರಕ್ಕೆ 250ರಿಂದ 500 ಗ್ರಾಂ. ನಮ್ಮಲ್ಲಿ ಹಲವರು 50 ಗ್ರಾಮಿನ ಟ್ಯೂಬನ್ನು ತಿಂಗಳು ಎಳೆಯುತ್ತಾರೆ, ಆಮೇಲೆ ಕ್ರೀಮು ಕೆಲಸ ಮಾಡಲಿಲ್ಲ ಅನ್ನುತ್ತಾರೆ.

ಪುಣೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ಮಾಲೀಶಿನ ಮಾವಶಿ (ಹೆಂಗಸು) ಬರುವ ಮನೆ ಬಹಳ. ಅವರು ಮೈತುಂಬ ಎಣ್ಣೆ ಹಾಕುತ್ತಾರೆ, ಎಣ್ಣೆ ಹೋಗಲಿ ಎಂದು ಮಸೂರು ಬೇಳೆ ಹಿಟ್ಟು ತಿಕ್ಕುತ್ತಾರೆ. ಹಿಟ್ಟಿನ ಕಣ ಚರ್ಮವನ್ನು ಉಜ್ಜಿ ಕೆಂಪು ಮಾಡುತ್ತದೆ. ಎಣ್ಣೆ ಕಡಿಮೆ ಮಾಡಿದರೆ ಹಿಟ್ಟಿನ ಅಗತ್ಯವೇ ಬೀಳುವುದಿಲ್ಲ. ‘ಮಾವಶಿ, ಪೀಠ್ ನಕೋ, ತೇಲ್ ಥೋಡಂ’ (ಹಿಟ್ಟು ಬೇಡ, ಎಣ್ಣೆ ಸ್ವಲ್ಪ) ಎಂದು ಮೊದಲ ದಿನವೇ ಮೆತ್ತಗೆ ಹೇಳಿಬಿಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ, ಕೊಬ್ಬರಿ ಎಣ್ಣೆ ಆದೀತು. ನರಕ ಚತುರ್ದಶಿಯಂದು ಮೈಗೆ ಹಚ್ಚುವ ಉಟಣೆ ಪುಡಿಯಲ್ಲೂ ಕಚೋರ, ನಾಗರಮೋಥ, ಕಿತ್ತಳೆ ಸಿಪ್ಪೆಯ ಪುಡಿ ಇರುತ್ತದೆ. ಶಾಸ್ತ್ರಕ್ಕೆ ಅಂಗಾಲಿಗೆ ಒಂದು ಬೆರಳು ಮುಟ್ಟಿಸಿ ತೊಳೆದುಬಿಡಿ.

ಹೊಸ ಉತ್ಪನ್ನವನ್ನು ಮೊದಲು ಮುಂಗೈ ಒಳಭಾಗದ ರೂಪಾಯಿಯಗಲ ಜಾಗಕ್ಕೆ, ಸ್ನಾನದಲ್ಲಿ ಹಚ್ಚುವಷ್ಟೇ ಹೊತ್ತು ಹಚ್ಚಿ ತೊಳೆಯಿರಿ. ಒಂದು ವಾರ ದಿನವೂ ಹೀಗೆ ನೋಡಿ. ಸೋಪನ್ನು ಹಚ್ಚಿ ಪಟ್ಟಿ ಕಟ್ಟಿ ಬಿಡಬಾರದು, ಹಾಗೆ ಮಾಡಿದರೆ ಯಾವ ಚರ್ಮವಾದರೂ ಉರಿಯುತ್ತದೆ. ಆ ವಾರ ಕ್ರೀಮನ್ನಾಗಲಿ ಬಟ್ಟೆಯ ಡಿಟರ್ಜೆಂಟನ್ನಾಗಲಿ ಬದಲಿಸಬೇಡಿ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕಲೆಗಳಿಂದ ನೀರು ಸೋರಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕಿನ ಲಕ್ಷಣ, ಸೋಪು ಬದಲಿಸುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಇಸಬಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳ ಗುಂಪು ಎದ್ದು, ನೋವು, ಜ್ವರ ಬಂದರೆ ಅದು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.