ಹುಂಜ ಮಂಕಾದರೆ ಮೊದಲು ಎದೆ ಮುಟ್ಟಿ ನೋಡಿ

ನಮ್ಮ ಕೆಂಚನಿಗೆ ಈಗ ನಾಲ್ಕು ವರ್ಷ. ನಾಟಿ ಹುಂಜ, ಎರಡೂವರೆ ಕೆಜಿ ತೂಗುತ್ತಾನೆ. ಕೊಯ್ಯೋಕೆ ಅಂತ ಸಾಕಿದ್ದಲ್ಲ, ಮನೆಯವನೇ ಆಗಿಬಿಟ್ಟಿದ್ದಾನೆ. ಅರಸೀಕೆರೆ ಹತ್ತಿರ ನಮ್ಮದು ತೆಂಗಿನ ತೋಟ. ಹೋದ ಡಿಸೆಂಬರಲ್ಲಿ ಒಂದು ಬೆಳಗ್ಗೆ ಅವನ ಕೂಗೇ ಕೇಳಲಿಲ್ಲ. ಹೋಗಿ ನೋಡಿದರೆ ಗೂಡಿನ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿದ್ದ. ರಾಗಿ ಚೆಲ್ಲಿದೆ. ತಲೆ ಎತ್ತಲಿಲ್ಲ.

ಕೋಳಿ ಆದಷ್ಟೂ ಕಾಯಿಲೆ ತೋರಿಸಿಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಮಂಕಾಗಿ ಕಾಣುವಷ್ಟರಲ್ಲಿ ಅದು ಸಾಕಷ್ಟು ಸೋತಿರುತ್ತದೆ. ಅದಕ್ಕೇ ನಾಳೆ ನೋಡೋಣ ಅಂತ ಬಿಡಬೇಡಿ. ಮೊದಲು ಉಳಿದ ಕೋಳಿಗಳಿಂದ ದೂರ ಇಡಿ. ನಾನು ಬಿದಿರಿನ ಪಂಜರಕ್ಕೆ ಗೋಣಿಚೀಲ ಹಾಸಿ, ಗಾಳಿ ಬೀಸದ ಹಿತ್ತಿಲ ಕೋಣೆಯಲ್ಲಿಟ್ಟೆ. ಚಳಿ ಇದ್ದಿದ್ದರಿಂದ ಪಂಜರದ ಒಂದೇ ಪಕ್ಕಕ್ಕೆ 60 ವಾಟಿನ ಹಳೇ ಬಲ್ಬು, ಗೋಣಿಗೂ ಪುಕ್ಕಕ್ಕೂ ತಾಗದ ಹಾಗೆ. ಬಿಸಿ ಜಾಸ್ತಿ ಅನಿಸಿದರೆ ಅವನೇ ಆ ಕಡೆ ಸರಿಯಲಿ ಅಂತ.

ಆಮೇಲೆ ಮಡಿಲಲ್ಲಿ ಕೂರಿಸಿಕೊಂಡು ಮುಟ್ಟಿ ನೋಡಿ. ಕತ್ತಿನ ಬುಡದಲ್ಲಿ, ಎದೆಯ ಮೇಲ್ಗಡೆ ತಿಂದ ಕಾಳು ನಿಲ್ಲುವ ಚೀಲ ಇರುತ್ತದೆ. ರಾತ್ರಿ ತುಂಬಿದ್ದರೂ ಬೆಳಗ್ಗೆ ಎದ್ದಾಗ ಅದು ಖಾಲಿಯಾಗಿ ಚಪ್ಪಟೆ ಆಗಿರಬೇಕು. ಕೆಂಚನದು ಟೆನ್ನಿಸ್ ಚೆಂಡಿನಷ್ಟು ಊದಿತ್ತು. ಒತ್ತಿದರೆ ಹಿಟ್ಟಿನ ಮುದ್ದೆ ಥರ ಗಟ್ಟಿ, ಅಂದರೆ ಚೀಲ ಕಟ್ಟಿಕೊಂಡಿತ್ತು. ಎದೆ ಮೂಳೆ ಕೈಗೆ ಚೂಪಾಗಿ ಸಿಗುತ್ತಿತ್ತು, ಅಂದರೆ ಕೆಲವು ದಿನದಿಂದಲೇ ಒಳಗೆ ಏನೂ ಇಳಿದಿರಲಿಲ್ಲ. ಹಿಕ್ಕೆ ಹಸಿರು ನೀರಿನಂತಿತ್ತು. ಹೊಟ್ಟೆಗೆ ಆಹಾರ ಇಳಿಯದಿದ್ದರೂ ಹಾಗಾಗುತ್ತದೆ.

ಚೀಲ ಮೆತ್ತಗೆ ನೀರು ತುಂಬಿದ ಹಾಗಿದ್ದು, ಬಾಯಿಂದ ಹುಳಿ ವಾಸನೆ ಬಂದರೆ ಅದು ಬೇರೆ ಕಾಯಿಲೆ, ಮನೆಯಲ್ಲಿ ಒದ್ದಾಡಬೇಡಿ. ಕತ್ತು ತಿರುಚುವುದು, ಬಾಯಿ ತೆರೆದು ಉಸಿರೆಳೆಯುವುದು, ಕಾಲು ಎಳೆಯುವುದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಅದಕ್ಕೆ ಔಷಧಿ ಇಲ್ಲ, ಮೊದಲೇ ಹಾಕಿಸುವ ಲಸಿಕೆ ಮಾತ್ರ. ಇದ್ದಕ್ಕಿದ್ದಂತೆ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಬಹುದು.

ಕೆಂಚನಿಗೆ ನೀರೇ ಮದ್ದಾಯಿತು. ಉಗುರು ಬೆಚ್ಚಗಿನ ನೀರು, ಸೂಜಿ ತೆಗೆದ 5 ಎಂಎಲ್ ಸಿರಿಂಜು. ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ಅವನೇ ನುಂಗಲಿ. ನಾಲಿಗೆಯ ಹಿಂದೆಯೇ ಉಸಿರಿನ ತೂತು ಇರುತ್ತದೆ. ಜೋರಾಗಿ ಚಿಮ್ಮಿಸಿದರೆ ನೀರು ಶ್ವಾಸಕೋಶಕ್ಕೇ ಹೋಗುತ್ತದೆ. ಮೊದಲ ಸಲ ನಾಲ್ಕೈದು ಹನಿ ಕೊಬ್ಬರಿ ಎಣ್ಣೆಯನ್ನೂ ಕೊಟ್ಟೆ. ಆಮೇಲೆ ಎರಡು ಬೆರಳಲ್ಲಿ ಚೀಲವನ್ನು ಸುತ್ತಲೂ ಮೆಲ್ಲಗೆ ನೀವುತ್ತಾ ಕೂತೆ, ಚಪಾತಿ ಹಿಟ್ಟು ನಾದುವುದಕ್ಕಿಂತ ಹಗುರವಾಗಿ. ಐದು ನಿಮಿಷ ಸಾಕು. ಎರಡು ಮೂರು ಗಂಟೆಗೊಮ್ಮೆ ಹೀಗೇ. ಆ ದಿನ ಕಾಳು, ಸೊಪ್ಪು ಏನೂ ಹಾಕಲಿಲ್ಲ.

ತಲೆಕೆಳಗೆ ಹಿಡಿದು ವಾಂತಿ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಕೆಲವು ವರ್ಷದ ಹಿಂದೆ ಒಂದು ಹೇಂಟೆಗೆ ನಾನೇ ಹಾಗೆ ಮಾಡಿದ್ದೆ. ಬಾಯಿಗೆ ಬಂದಿದ್ದು ಉಸಿರಿಗೆ ಸಿಕ್ಕಿಕೊಂಡು ನನ್ನ ಕೈಯಲ್ಲೇ ಸತ್ತಿತು. ಇವತ್ತಿಗೂ ಸಂಕಟ ಆಗುತ್ತದೆ. ಅಂಗಡಿಯಿಂದ ಸುಮ್ನೆ ಆಂಟಿಬಯೋಟಿಕ್ ತಂದು ಹಾಕುವುದೂ ಬೇಡ. ಕಟ್ಟಿಕೊಂಡ ಚೀಲಕ್ಕೆ ಅದರಿಂದ ಏನು ಪ್ರಯೋಜನ, ಅಲ್ವಾ?

ಮರುದಿನ ಬೆಳಗ್ಗೆ ಚೆಂಡು ನಿಂಬೆಹಣ್ಣಿನಷ್ಟಾಗಿತ್ತು. ಸಂಜೆ ಹಿಕ್ಕೆಯಲ್ಲಿ ಕಂದು ಎಳೆಗಳು ಕಂಡವು. ತೆಂಗಿನ ನಾರು! ಮಟ್ಟೆ ಸುಲಿದ ಜಾಗದಲ್ಲಿ ಕೆದರುತ್ತಾ ಹುಳದ ಜೊತೆ ಅದನ್ನೂ ನುಂಗಿದ್ದ. ಒಂದು ದಿನದಲ್ಲಿ ಚೂರೂ ಸಡಿಲವಾಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಚೀಲ ಕೊಯ್ದು ಒಳಗಿದ್ದದ್ದನ್ನು ತೆಗೆಯಬೇಕಾಗಬಹುದು, ಅದು ಅವರ ಕೆಲಸ.

ಚೀಲ ಖಾಲಿಯಾದ ಮೇಲೆ ತೆಳು ರಾಗಿ ಅಂಬಲಿ, ಬೇಯಿಸಿದ ಮೊಟ್ಟೆಯ ಹಳದಿ, ಒಂದೊಂದೇ ಚಮಚ. ನಾಲ್ಕನೇ ದಿನ ಮೆತ್ತಗೆ ಬೆಂದ ಅಕ್ಕಿ ನುಚ್ಚು. ಕಾಳು ಕೊಡುವಾಗ ಪಕ್ಕದಲ್ಲಿ ಸಣ್ಣ ಕಲ್ಲು ಬೆರೆತ ಮರಳನ್ನೂ ಇಡಿ. ಕೋಳಿಗೆ ಹಲ್ಲಿಲ್ಲ, ಹೊಟ್ಟೆಯೊಳಗೆ ಆ ಕಲ್ಲುಗಳೇ ಕಾಳು ಅರೆಯುವುದು. ಪ್ರತಿ ಸಲ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಹುಷಾರಾದ ಅಂತ ಒಮ್ಮೆಗೇ ಬಯಲಿಗೆ ಬಿಡಬೇಡಿ. ಕೆಂಚ ಇಲ್ಲದ ಒಂದು ವಾರದಲ್ಲಿ ನಮ್ಮ ಎಳೇ ಹುಂಜ ಹೇಂಟೆಗಳ ಮುಂದೆ ಯಜಮಾನಿಕೆ ಶುರು ಮಾಡಿತ್ತು. ಸೊರಗಿದ ಹುಂಜವನ್ನು ಕಂಡರೆ ಕುಕ್ಕಿ ರಕ್ತ ಮಾಡುತ್ತದೆ. ಎರಡು ದಿನ ಪಂಜರವನ್ನು ಅಂಗಳದಲ್ಲೇ ಇಟ್ಟೆ, ಒಬ್ಬರನ್ನೊಬ್ಬರು ನೋಡಿಕೊಂಡಿರಲಿ ಅಂತ. ಮೂರನೇ ಸಂಜೆ, ಎಲ್ಲವೂ ಗೂಡು ಸೇರುವ ಹೊತ್ತಿಗೆ ಬಾಗಿಲು ತೆಗೆದೆ. ಕೆಂಚ ನೇರವಾಗಿ ಹೋಗಿ ತನ್ನ ಹಳೇ ಗಳದ ಮೇಲೆ ಕೂತ. ಈಗ ಮಟ್ಟೆ ಸುಲಿಯುವ ಜಾಗಕ್ಕೆ ಬಲೆ ಕಟ್ಟಿದ್ದೇನೆ.